ಮರಕ್ಕೆ ಕಟ್ಟಿದ ಚೀಟಿ

ನಮ್ಮ ಬೀದಿಯ ಮೂಲೆಯಲ್ಲಿ ಒಂದು ದೊಡ್ಡ ಮೇಪಲ್ ಮರ ಇತ್ತು. ಒಂದು ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟು ಬರುವಾಗ ನೋಡಿದೆ, ಅದರ ಬೊಡ್ಡೆಗೆ ಯಾರೋ ಚೀಟಿ ಕಟ್ಟಿದ್ದರು. ಮಳೆಗೆ ನೆನೆಯದ ಹಾಗೆ ಪ್ಲಾಸ್ಟಿಕ್ ಕವರ್ ಒಳಗೆ ಇಟ್ಟು, ಮೊಳೆ ಹೊಡೆಯದೆ ಹುರಿಯಿಂದ ಕಟ್ಟಿದ್ದರು. ಮರದ ಜಾತಿ, ಬೊಡ್ಡೆ ಎಷ್ಟು ದಪ್ಪ, ಎಲ್ಲಿದೆ ಅಂತ ಬರೆದಿತ್ತು. ಈ ಮರ ಕಡಿಯುವ ಆಲೋಚನೆ ಇದೆ, ಹೇಳುವುದಿದ್ದರೆ ಇಂಥ ದಿನ ಸಂಜೆ 7 ಗಂಟೆಗೆ ಟೌನ್ ಹಾಲ್‌ಗೆ ಬನ್ನಿ ಅಂತಲೂ ಇತ್ತು.

ಒಂದೇ ಒಂದು ಮರಕ್ಕೆ ಸಭೆ! ನಾನು ಅಲ್ಲೇ ನಿಂತು ಅದನ್ನು ಎರಡು ಸಲ ಓದಿದೆ.

ನಾನಿರುವುದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಸಣ್ಣ ಊರಿನಲ್ಲಿ. ನಮ್ಮ ಕಡೆ ಆದರೆ ಪಟ್ಟಣ ಪಂಚಾಯಿತಿ ಅನ್ನಬಹುದಾದ ಊರು. ಇಲ್ಲಿ ಪ್ರತಿ ಊರಿಗೂ ಒಬ್ಬ ಟ್ರೀ ವಾರ್ಡನ್, ಅಂದರೆ ಊರಿನ ಮರಗಳನ್ನು ನೋಡಿಕೊಳ್ಳುವ ಅಧಿಕಾರಿ, ಇರಲೇಬೇಕು. 1899ರಿಂದ ಹೀಗೇ ನಡೆದು ಬಂದಿದೆ. ರಸ್ತೆ ಬದಿಯ ಸಾರ್ವಜನಿಕ ಮರ ಕಡಿಯಬೇಕಾದರೆ ಮೊದಲು ಜನರ ಅಹವಾಲು ಕೇಳಬೇಕು. ಸಭೆಗೆ ಏಳು ದಿನ ಮುಂಚೆಯೇ ಊರಿನ ಎರಡು ಕಡೆ ನೋಟಿಸ್ ಹಾಕಬೇಕು, ಪತ್ರಿಕೆಯಲ್ಲಿ ಹಾಕಿಸಬೇಕು, ಆ ಮರದ ಮೇಲೂ ಅಂಟಿಸಬೇಕು. ಒಬ್ಬರಾದರೂ ಬರಹದಲ್ಲಿ ತಕರಾರು ಕೊಟ್ಟರೆ ವಾರ್ಡನ್ ತಾನೇ ತೀರ್ಮಾನ ಮಾಡುವ ಹಾಗಿಲ್ಲ. ಊರಿನವರು ಆರಿಸಿದ ಮಂಡಳಿ ಒಪ್ಪಬೇಕು.

ಸಭೆಗೆ ಸುಮಾರು ಇಪ್ಪತ್ತು ಜನ ಬಂದಿದ್ದರು. ನಾನು ಮರದ ಪರ ಮಾತಾಡಬೇಕು ಅಂತಲೇ ಹೋಗಿದ್ದೆ. ನನಗಿಂತ ಮುಂಚೆ ಒಬ್ಬರು ಅಜ್ಜಿ ಎದ್ದರು. ವಾಕರ್ ಹಿಡಿದುಕೊಂಡು ನಿಧಾನವಾಗಿ ಮೈಕ್ ತನಕ ಬಂದರು. ಆ ಮರದ ಬೇರು ಫುಟ್‌ಪಾತನ್ನು ಮೇಲಕ್ಕೆ ಎತ್ತಿಬಿಟ್ಟಿದೆ. ವಾಕರ್ ಅದನ್ನು ದಾಟುವುದಿಲ್ಲ. "ನನಗೂ ಆ ಮರ ಇಷ್ಟ. ನಲವತ್ತು ವರ್ಷದಿಂದ ನೋಡ್ತಾ ಇದೀನಿ. ಆದರೆ ಈಗ ಅಂಚೆಪೆಟ್ಟಿಗೆ ತನಕ ಹೋಗೋಕೂ ರಸ್ತೆಗೆ ಇಳೀಬೇಕು" ಅಂದರು. ಎದುರು ಮನೆಯವನು ಬೇಸಿಗೆಯಲ್ಲಿ ಆ ನೆರಳಿಲ್ಲದೆ ಮನೆ ಕಾದುಹೋಗುತ್ತದೆ ಅಂದ. ಅದು ನಾರ್ವೆ ಮೇಪಲ್, ಈ ನೆಲದ ಮರವೇ ಅಲ್ಲ, ಕಾಡಿಗೆ ನುಗ್ಗಿ ಇಲ್ಲಿನ ಗಿಡಗಳನ್ನು ಹಾಳು ಮಾಡುತ್ತದೆ ಅಂತ ಇನ್ನೊಬ್ಬರು ಹೇಳಿದರು. ಅದು ನಿಜ. ಆ ಜಾತಿಯ ಸಸಿ ಮಾರುವುದನ್ನು ಈ ರಾಜ್ಯ 2009ರಿಂದ ನಿಲ್ಲಿಸಿದೆ. ನನ್ನ ಸರದಿ ಬಂದಾಗ ಬರೆದುಕೊಂಡು ಹೋಗಿದ್ದ ಅರ್ಧ ಮಾತು ಬಿಟ್ಟೆ. ಕಡಿಯಲೇಬೇಕಾದರೆ ಅದರ ಬದಲು ಏನು ನೆಡುತ್ತೀರಿ ಅಂತ ಮಾತ್ರ ಕೇಳಿದೆ.

ಒಬ್ಬರು ತಕರಾರು ಬರೆದುಕೊಟ್ಟರು, ವಿಷಯ ಮಂಡಳಿಗೆ ಹೋಯಿತು, ಕೊನೆಗೆ ಮರ ಹೋಯಿತು. ಅದರ ಬದಲು ಎರಡು ಸಸಿ ನೆಟ್ಟರು. ಫುಟ್‌ಪಾತ್ ಅಂಚಿನಲ್ಲಿ ನೆಡಲಿಲ್ಲ. ಮನೆಯವರ ಒಪ್ಪಿಗೆ ಬರೆಸಿಕೊಂಡು ಅವರ ಅಂಗಳದಲ್ಲಿ ನೆಟ್ಟರು. ರಸ್ತೆಯಿಂದ 20 ಅಡಿಯೊಳಗಿನ ಜಾಗದಲ್ಲಿ ಹೀಗೆ ಊರಿನ ಖರ್ಚಿನಲ್ಲಿ ಮರ ನೆಡುವುದಕ್ಕೆ ಇಲ್ಲಿನ ಕಾನೂನಿನಲ್ಲೇ ಅವಕಾಶ ಇದೆ. ಬೇರಿಗೂ ಜಾಗ, ಅಜ್ಜಿಗೂ ದಾರಿ. ಮರ ಹೋದದ್ದಕ್ಕೆ ಬೇಜಾರಾಯಿತು, ಆದರೆ ಮೋಸ ಆಯಿತು ಅಂತ ಅನಿಸಲಿಲ್ಲ.

ಮೋಸ ಅನಿಸಿದ್ದು ಕರ್ನಾಟಕದ ನಮ್ಮೂರಲ್ಲಿ. ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಮಳೆಮರಗಳ ಸಾಲಿತ್ತು. ಒಂದರ ಕೆಳಗೆ ಚಪ್ಪಲಿ ಹೊಲಿಯುವವರು, ಇನ್ನೊಂದರ ಕೆಳಗೆ ಹೂವಿನವರು, ಮುಂದೆ ಆಟೋದವರು. ಒಂದು ರಜೆಗೆ ಹೋದಾಗ ಚಪ್ಪಲಿ ಹೊಲಿಯುವವರ ಮರ ಇರಲಿಲ್ಲ. ಬುಡದ ಮೇಲೆ ಇನ್ನೂ ಹಸಿ ಹೊಟ್ಟು ಬಿದ್ದಿತ್ತು. ಅವರು ಒಂದು ಹರಿದ ಛತ್ರಿ ಕಟ್ಟಿಕೊಂಡು ಅಲ್ಲೇ ಬಿಸಿಲಲ್ಲಿ ಕೂತಿದ್ದರು. ಯಾವಾಗ ಕಡಿದರು ಅಂದೆ. "ರಾತ್ರಿ ಸ್ವಾಮಿ. ಬೆಳಿಗ್ಗೆ ಬಂದ್ರೆ ಇರ್ಲಿಲ್ಲ" ಅಂದರು. ಯಾರು ಕಡಿಸಿದ್ದು ಅಂತ ಕೇಳಿಕೊಂಡು ಹೋದೆ. ಒಂದು ಕಚೇರಿಯವರು ಇನ್ನೊಂದು ಕಚೇರಿಯತ್ತ ಕೈ ತೋರಿಸಿದರು, ಅವರು ಮೂರನೆಯವರತ್ತ. ಆ ರಜೆ ಹಾಗೇ ಮುಗಿಯಿತು.

ಹಾಗಂತ ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ. ಕರ್ನಾಟಕದ ಮರ ಸಂರಕ್ಷಣಾ ಕಾಯ್ದೆ 1976ರದ್ದು. ಒಂದು ವಿಷಯದಲ್ಲಿ ಅದು ಇಲ್ಲಿಗಿಂತ ಗಟ್ಟಿ. ವಿನಾಯಿತಿ ಕೊಟ್ಟ ತೆಂಗು, ನೀಲಗಿರಿಯಂಥ ಕೆಲವು ಜಾತಿ ಬಿಟ್ಟರೆ ನಿಮ್ಮ ಸ್ವಂತ ಜಾಗದ ಮರಕ್ಕೂ ಅರಣ್ಯ ಇಲಾಖೆಯ ಟ್ರೀ ಆಫೀಸರ್ ಅನುಮತಿ ಬೇಕು. ಇಲ್ಲಿ ನನ್ನ ಹಿತ್ತಲಿನ ಮರವನ್ನು ನಾಳೆ ಕಡಿಸಿದರೆ ಕೇಳುವವರಿಲ್ಲ. ಆದರೆ ನಮ್ಮ ಕಾಯ್ದೆಯಲ್ಲಿ ಜನರ ಆಕ್ಷೇಪಣೆ ಕೇಳಬೇಕು ಅನ್ನುವ ಮಾತು ಬರುವುದು 50ಕ್ಕಿಂತ ಜಾಸ್ತಿ ಮರ ಕಡಿಯುವಾಗ. ದೊಡ್ಡ ಹೆದ್ದಾರಿ ಯೋಜನೆಗೆ ಅದು ಸರಿ. ಸಣ್ಣ ಊರಿನಲ್ಲಿ 50 ಮರ ಒಟ್ಟಿಗೆ ಎಲ್ಲಿ ಹೋಗುತ್ತವೆ? ಚರಂಡಿಗೆ ಅಂತ ಎರಡು, ಅಂಗಡಿಯ ಬೋರ್ಡ್ ಕಾಣುವುದಿಲ್ಲ ಅಂತ ಒಂದು, ಕರೆಂಟ್ ತಂತಿಗೆ ಅಂತ ಮೂರು. ಹತ್ತು ವರ್ಷದಲ್ಲಿ ರಸ್ತೆ ಬೋಳಾಗುತ್ತದೆ, ಒಂದು ಸಲವೂ ಯಾರನ್ನೂ ಕೇಳುವ ಸಂದರ್ಭವೇ ಬರುವುದಿಲ್ಲ.

ಇನ್ನೊಂದು ಸಂಗತಿ ನನಗೆ ಬಹಳ ಕಾಡುತ್ತದೆ. ಹಳ್ಳಿಯವರಿಗೆ ಗ್ರಾಮಸಭೆ ಇದೆ. ಎದ್ದು ನಿಂತು ಕೇಳಬಹುದು. 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ನಗರಗಳಿಗೆ ವಾರ್ಡ್ ಸಮಿತಿ ಬೇಕು ಅಂತ ಸಂವಿಧಾನವೇ ಹೇಳುತ್ತದೆ, 74ನೇ ತಿದ್ದುಪಡಿಯಲ್ಲಿ. ನಡುವೆ ಇರುವ ನಮ್ಮಂಥ ಪುರಸಭೆ, ಪಟ್ಟಣ ಪಂಚಾಯಿತಿಯ ಜನಕ್ಕೆ? ಹಳ್ಳಿ ಬೆಳೆದು ಪಟ್ಟಣ ಆಯಿತು ಅಂತ ಖುಷಿಪಡುತ್ತೇವೆ. ಆದರೆ ಅದೇ ದಿನ ಗ್ರಾಮಸಭೆ ಕೈತಪ್ಪಿ ಹೋಗಿರುತ್ತದೆ. ಸದಸ್ಯರ ಸಾಮಾನ್ಯ ಸಭೆ ನಡೆಯುತ್ತದೆ, ನಿಜ. ಅಲ್ಲಿ ಮಾತಾಡುವುದು ಸದಸ್ಯರು. ಚಪ್ಪಲಿ ಹೊಲಿಯುವವರಿಗೆ ಮೈಕ್ ಸಿಗುವುದಿಲ್ಲ.

ಇಲ್ಲಿನ ಸಭೆಯಲ್ಲೂ ನನಗೊಂದು ಕೊರತೆ ಕಂಡಿತು. ಆ ಮೇಪಲ್ ಕೆಳಗೆ ಯಾರೂ ಒಂದು ದಿನ ಕೂತವರಲ್ಲ. ಹೆಚ್ಚಿನವರು ಕಾರಿನಲ್ಲಿ ದಾಟಿಹೋಗುವವರು. ಮಾತೆಲ್ಲ ಬೊಡ್ಡೆಯ ದಪ್ಪ, ಫುಟ್‌ಪಾತ್, ಮನೆಯ ಬೆಲೆ. ನಮ್ಮಲ್ಲಿ ಮರ ಅಂದರೆ ಅದರ ಕೆಳಗಿನ ಜನ. ಅರಳಿಕಟ್ಟೆ ಕಟ್ಟಿ ಪೂಜೆ ಮಾಡಿದವರು ನಾವು. ಸಾಲುಮರದ ತಿಮ್ಮಕ್ಕ ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ 385 ಆಲದ ಮರ ಬೆಳೆಸಿದರು. ಯಾವ ಬೈಲಾ ಓದಿಕೊಂಡು ಅವರು ಗಂಡನ ಜೊತೆ ಬಿಂದಿಗೆಯಲ್ಲಿ ನೀರು ಹೊತ್ತರು? ಆದರೆ 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡುವ ಯೋಜನೆಯಿಂದ ಅವೇ ಮರಗಳಿಗೆ ಕುತ್ತು ಬಂತು. ಆಗ ನೂರು ದಾಟಿದ ಆ ತಾಯಿ ತಾವೇ ಸರ್ಕಾರದ ಬಾಗಿಲಿಗೆ ಹೋಗಿ ಉಳಿಸಿಕೊಡಿ ಅಂತ ಕೇಳಬೇಕಾಯಿತು. ಅವರಿಗೆ ಹೆಸರಿತ್ತು, ಬಾಗಿಲು ತೆರೆಯಿತು. ಹೂವಿನವರಿಗೆ ಯಾರು ತೆರೆಯುತ್ತಾರೆ?

ಅದಕ್ಕೇ ನಾನು ಕೇಳುವುದು ಇಷ್ಟೆ. ಪ್ರತಿ ಪುರಸಭೆ ಒಂದು ಸಣ್ಣ ನಿಯಮ ಮಾಡಿಕೊಳ್ಳಲಿ. ಒಂದೇ ಮರ ಆದರೂ ಸರಿ, ಏಳು ದಿನ ಮುಂಚೆ ಕನ್ನಡದಲ್ಲಿ ಒಂದು ಚೀಟಿ ಅದಕ್ಕೆ ಕಟ್ಟಲಿ. ಸಭೆ ಕಚೇರಿಯಲ್ಲಿ ಬೇಡ, ಆ ಮರದ ಕೆಳಗೇ ಮಾಡಲಿ. ಕಚೇರಿಯ ಮೆಟ್ಟಿಲು ಹತ್ತಲು ಹೆದರುವವರೂ ಅಲ್ಲಿ ಬಾಯಿ ಬಿಡುತ್ತಾರೆ, ಅದು ಅವರ ಜಾಗ ಅಲ್ವಾ? ಅಭಿವೃದ್ಧಿ ಕೆಲಸ ನಿಂತುಹೋಗುತ್ತದೆ ಅನ್ನುತ್ತಾರೆ. ನಿಲ್ಲುವುದಿಲ್ಲ. ಬೀಳುವ ಹಾಗಿರುವ ಮರಕ್ಕೆ ಇಲ್ಲೂ ಸಭೆ ಇಲ್ಲ, ತಕ್ಷಣ ತೆಗೆಯುತ್ತಾರೆ. ಬೇರೆ ಮರಕ್ಕೆ ಒಂದು ವಾರ ಕಾಯುವುದರಿಂದ ಯಾವ ಚರಂಡಿಯೂ ತಪ್ಪಿಹೋಗುವುದಿಲ್ಲ.

ಹೋದ ವಾರ ತಮ್ಮ ಫೋನ್ ಮಾಡಿದ್ದ. "ಅಣ್ಣಾ, ಉಳಿದ ಆರು ಮರಕ್ಕೂ ಬಿಳಿ ಪೇಂಟಲ್ಲಿ ನಂಬರ್ ಹಾಕಿದಾರೆ" ಅಂದ. ಫೋಟೋ ಕಳಿಸಿದ. ತೊಗಟೆ ಹೆರೆದು ಬರೆದ ಒಂದು ಅಂಕಿ, ಅಷ್ಟೆ. ದಿನ ಇಲ್ಲ, ಹೆಸರಿಲ್ಲ, ಯಾರನ್ನು ಕೇಳಬೇಕು ಅಂತ ಇಲ್ಲ. ಟೇಪ್ ತಗೊಂಡು ಹೋಗಿ ಅಳೆದು ಬಾ, ಕೆಳಗೆ ಯಾರು ಯಾರು ಕೂರುತ್ತಾರೆ ಕೇಳಿಕೊಂಡು ಬಾ ಅಂದೆ. ಸಂಜೆಗೆ ಕಳಿಸಿದ. ನಾನೇ ಟೈಪ್ ಮಾಡಿದೆ. ಅವನು ಪ್ರಿಂಟ್ ತೆಗೆಸಿ, ಪ್ಲಾಸ್ಟಿಕ್ ಕವರ್‌ಗೆ ಹಾಕಿ, ಭಾನುವಾರ ಸಣಬಿನ ಹುರಿಯಿಂದ ಆರಕ್ಕೂ ಕಟ್ಟಿ ಬಂದ. ಮೂರನೆಯದರಲ್ಲಿ ಹೀಗಿದೆ: "ಮಳೆಮರ. ಸುತ್ತಳತೆ 11 ಅಡಿ. ಇದರ ಕೆಳಗೆ ಹೂವಿನವರು ಇಬ್ಬರು, ಹಣ್ಣಿನ ಗಾಡಿ ಒಂದು, ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬಸ್‌ಗೆ ಕಾಯುವ ಮಕ್ಕಳು. ಕಡಿಯುವ ಮುಂಚೆ ಇವರನ್ನು ಕೇಳಿ."