ಅಂದಿನ ಹನ್ನೊಂದೂ ಇಂದಿನ ಹನ್ನೊಂದೂ ಒಂದೇ ಅಲ್ಲ
ಅಮೆರಿಕದ ನ್ಯೂ ಇಂಗ್ಲೆಂಡ್ ಸಣ್ಣ ಕಾಲೇಜುಗಳ ಕ್ರೀಡಾ ಒಕ್ಕೂಟ ನೆಸ್ಕ್ಯಾಕ್‌ನಲ್ಲಿ 1971ರಿಂದ ಅದೇ ಹನ್ನೊಂದು ಸದಸ್ಯರಿದ್ದಾರೆ ಎಂದು ಒಂದು ಲೇಖನ ಹೇಳುತ್ತದೆ. ಸಂಖ್ಯೆ ಸರಿ, ಪಟ್ಟಿ ತಪ್ಪು. ಸ್ಥಾಪಕರಲ್ಲಿ ಯೂನಿಯನ್ ಕಾಲೇಜೂ ಇತ್ತು. ಅದು 1977ರಲ್ಲಿ ಹೊರನಡೆಯಿತು. 1982ರಲ್ಲಿ ಕನೆಕ್ಟಿಕಟ್ ಕಾಲೇಜು ಬಂದ ಮೇಲೆ ಮತ್ತೆ ಹನ್ನೊಂದಾಯಿತು. ಉಳಿದವು: ಆಮ್‌ಹರ್ಸ್ಟ್, ಬೇಟ್ಸ್, ಬೋಡನ್, ಕೋಲ್ಬಿ, ಹ್ಯಾಮಿಲ್ಟನ್, ಮಿಡಲ್‌ಬರಿ, ಟ್ರಿನಿಟಿ, ಟಫ್ಟ್ಸ್, ವೆಸ್ಲಿಯನ್, ವಿಲಿಯಮ್ಸ್.

ಇಂಥ ಪಟ್ಟಿ ಮಾಡುವವರು ಎಡವುವುದು ಹ್ಯಾಮಿಲ್ಟನ್ ವಿಷಯದಲ್ಲಿ. ಸ್ಥಾಪಕ ಸದಸ್ಯನಾದರೂ ಅದರ ಹಲವು ತಂಡಗಳು ಲಿಬರ್ಟಿ ಲೀಗ್ ಎಂಬ ಇನ್ನೊಂದು ಒಕ್ಕೂಟದಲ್ಲಿ ಆಡುತ್ತಿದ್ದವು. ಪೂರ್ತಿಯಾಗಿ ನೆಸ್ಕ್ಯಾಕ್‌ಗೆ ಬಂದದ್ದು 2011ರಲ್ಲಿ. ಹಾಗಾಗಿ ಸದಸ್ಯತ್ವದ ವರ್ಷ, ಆಯಾ ಆಟದಲ್ಲಿ ಸ್ಪರ್ಧೆಗಿಳಿದ ವರ್ಷ, ಎರಡಕ್ಕೂ ಪಟ್ಟಿಯಲ್ಲಿ ಬೇರೆ ಬೇರೆ ಕಾಲಮ್ ಬೇಕೇ ಬೇಕು. ಒಂದೇ ಕಾಲಮ್ ಇದ್ದರೆ ಹಳೆಯ ಅಂಕಪಟ್ಟಿಗಳು ತಾಳೆಯಾಗುವುದಿಲ್ಲ.

ಫುಟ್‌ಬಾಲ್ ಲೆಕ್ಕವೂ ಬೇರೆ (ಅಮೆರಿಕನ್ ಫುಟ್‌ಬಾಲ್, ನಮ್ಮ ಕಾಲ್ಚೆಂಡಲ್ಲ). ಕನೆಕ್ಟಿಕಟ್ ಕಾಲೇಜಿಗೆ ಆ ತಂಡವೇ ಇಲ್ಲ, ಆದ್ದರಿಂದ ಹತ್ತೇ ತಂಡ. 2017ಕ್ಕೆ ಮೊದಲು ತಲಾ 8 ಪಂದ್ಯ, ಅಂದರೆ ಪ್ರತಿ ತಂಡಕ್ಕೂ ಒಬ್ಬ ಎದುರಾಳಿ ತಪ್ಪುತ್ತಿತ್ತು. ಈಗ ತಲಾ 9, ಒಟ್ಟು 45 ಪಂದ್ಯ. ಹಿಂದಿನ ವರ್ಷಗಳ ಗೆಲುವು-ಸೋಲುಗಳನ್ನು ಈಗಿನವುಗಳ ಜೊತೆ ನೇರವಾಗಿ ಹೋಲಿಸುವುದು ಅನ್ಯಾಯ.