'ವಯಸ್ಸಾಯ್ತಲ್ಲ, ಕಿಡ್ನಿ ಸ್ವಲ್ಪ ವೀಕ್'

ಬೆಳಿಗ್ಗೆಯಿಂದ ಸಿಟ್ಟು ಇಳಿದಿಲ್ಲ. ಬರೆದಾದರೂ ಇಳಿಸಿಕೊಳ್ಳುತ್ತೇನೆ.

ಕೆಳಗಿನ ಮನೆಯ ಆಂಟಿ ರಿಪೋರ್ಟ್ ಹಿಡಿದುಕೊಂಡು ಮೇಲೆ ಬಂದರು. 64 ವರ್ಷ. ಹತ್ತು ವರ್ಷದಿಂದ ಶುಗರ್, ಅದರ ಬೆನ್ನಿಗೇ ಬಿಪಿ. ನಿನ್ನೆ ಕ್ಲಿನಿಕ್‌ನಲ್ಲಿ ತೋರಿಸಿದ್ದಾರೆ. 'ವಯಸ್ಸಾಯ್ತಲ್ಲ ಅಮ್ಮ, ಕಿಡ್ನಿ ಸ್ವಲ್ಪ ವೀಕ್, ನೀರು ಚೆನ್ನಾಗಿ ಕುಡೀರಿ' ಅಂತ ಕಳಿಸಿದ್ದಾರೆ. ಅಷ್ಟೇ. ಅವರ ಕೈಯಲ್ಲಿದ್ದ ತರಕಾರಿ ಕವರಿನಲ್ಲಿ ಡೈಕ್ಲೋಫೆನಾಕ್ ಸ್ಟ್ರಿಪ್ ಇತ್ತು. ಮಂಡಿನೋವಿಗೆ ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದದ್ದು. ಹತ್ತರಲ್ಲಿ ಆರು ಖಾಲಿ. ಇಂಥ ನೋವಿನ ಮಾತ್ರೆ ಕಿಡ್ನಿಗೆ ಪೆಟ್ಟು ಕೊಡಬಹುದು. ಕಿಡ್ನಿ ವೀಕ್ ಅಂದವರು ನೋವಿಗೆ ಏನು ನುಂಗುತ್ತಿದ್ದೀರಿ ಅಂತ ಒಂದು ಮಾತು ಕೇಳಲಿಲ್ಲ.

ರಿಪೋರ್ಟ್ ನೋಡಿದೆ. ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಸ, 1.1. ಪಕ್ಕದಲ್ಲಿ ನಾರ್ಮಲ್ 0.6ರಿಂದ 1.2 ಅಂತಿದೆ. ಹಾಗಾಗಿ ದಪ್ಪ ಅಕ್ಷರವೂ ಇಲ್ಲ, ಸ್ಟಾರ್ ಗುರುತೂ ಇಲ್ಲ. ಕೆಳಗಿನ ಸಾಲಿನಲ್ಲಿ ಸಣ್ಣದಾಗಿ, ಇ-ಜಿಎಫ್‌ಆರ್ 56. ಕಿಡ್ನಿ ಎಷ್ಟು ಚೆನ್ನಾಗಿ ರಕ್ತ ಸೋಸುತ್ತಿದೆ ಅನ್ನೋ ಅಂದಾಜು ಅದು, ಕಮ್ಮಿಯಾದಷ್ಟೂ ಕಿಡ್ನಿ ಸೋಲುತ್ತಿದೆ ಅಂತ ಅರ್ಥ. ಆ ಸಾಲನ್ನು ಯಾರೂ ಅವರಿಗೆ ಓದಿ ಹೇಳಿಲ್ಲ.

ಕ್ರಿಯಾಟಿನಿನ್ ಬರೋದು ಮಾಂಸಖಂಡದಿಂದ. ಆಂಟಿ ಕಡ್ಡಿ ಹಾಗಿದ್ದಾರೆ. ಮಾಂಸಖಂಡ ಕಮ್ಮಿ ಇದ್ದರೆ ಕ್ರಿಯಾಟಿನಿನ್ ಕೂಡ ಕಮ್ಮಿ ಬರುತ್ತದೆ, ಕಿಡ್ನಿ ಸೋಲುತ್ತಿದ್ದರೂ ನಂಬರ್ ನಾರ್ಮಲ್ ಒಳಗೇ ಇರುತ್ತದೆ. ಅದೇ 1.1 ಮೂವತ್ತರ ಗಂಡಸಿಗೆ ಬಂದರೆ ಇ-ಜಿಎಫ್‌ಆರ್ 90ರ ಮೇಲಿರುತ್ತದೆ. ಇವರಿಗೆ 56. ಮೂರು ತಿಂಗಳಾದ ಮೇಲೂ 60ರ ಕೆಳಗೇ ಇದ್ದರೆ ಅದಕ್ಕೆ ದೀರ್ಘಕಾಲದ ಕಿಡ್ನಿ ಕಾಯಿಲೆ ಅಂತಲೇ ಹೆಸರು. 'ಸ್ವಲ್ಪ' ಅನ್ನೋ ಪದದಲ್ಲಿ ಇದೆಲ್ಲ ಮುಚ್ಚಿಹೋಗುತ್ತದೆ.

ನನಗೆ ಇಷ್ಟೊಂದು ಸಿಟ್ಟು ಯಾಕೆ ಅಂತ ಹೇಳುತ್ತೇನೆ. ಅಪ್ಪ ಹೋಗಿ ಮೂರು ವರ್ಷ. ಹಾರ್ಟ್ ಅಟ್ಯಾಕ್. ಎಲ್ಲರಿಗೂ ಹಾಗೇ ಹೇಳಿದ್ದೆ, ನಾನೂ ಹಾಗೇ ಅಂದುಕೊಂಡಿದ್ದೆ. ಬೀರು ಖಾಲಿ ಮಾಡುವಾಗ ಅವರ ಫೈಲ್ ಸಿಕ್ಕಿತು. ಕ್ರಿಯಾಟಿನಿನ್ 66ನೇ ವಯಸ್ಸಿಗೆ 1.3, 68ಕ್ಕೆ 1.4, 71ಕ್ಕೆ 1.6. ಮೂತ್ರದಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್ ಸೋರುತ್ತಿದೆಯಾ ಅಂತ ನೋಡುವ ಪರೀಕ್ಷೆ ಒಂದು ಚೀಟಿಯಲ್ಲೂ ಇಲ್ಲ. ಪ್ರತಿ ಸಲ 'ಸ್ವಲ್ಪ ಜಾಸ್ತಿ ಇದೆ, ನೋಡೋಣ'. ಅವರ ಸೊಂಟನೋವಿಗೆ ಮಾತ್ರೆ ತಂದುಕೊಡುತ್ತಿದ್ದವನು ನಾನೇ. ಆ ಮಾತ್ರೆಯಿಂದಲೇ ಹೀಗಾಯ್ತು ಅಂತ ಹೇಳುತ್ತಿಲ್ಲ. ಯಾರೂ ಹೇಳಲಾರರು. ಆದರೆ ಫೈಲ್ ಮುಂದಿಟ್ಟುಕೊಂಡು ಕೂತ ಆ ಮಧ್ಯಾಹ್ನ ಇನ್ನೂ ಮರೆತಿಲ್ಲ.

ಕಿಡ್ನಿ ಅಂದ ಕೂಡಲೇ ನಮ್ಮ ಮನಸ್ಸು ಡಯಾಲಿಸಿಸ್‌ಗೆ ಓಡುತ್ತದೆ. ಡಯಾಲಿಸಿಸ್ ದೂರ ಇದೆ ಅಂದರೆ ನಿಟ್ಟುಸಿರು ಬಿಡುತ್ತೇವೆ. ಆದರೆ ಇಂಥವರಲ್ಲಿ ಹೆಚ್ಚಿನವರು ಡಯಾಲಿಸಿಸ್ ತನಕ ಹೋಗೋದೇ ಇಲ್ಲ. ಅದಕ್ಕೆ ಮುಂಚೆಯೇ ಹಲವರಿಗೆ ಹೃದಯ ಕೈಕೊಡುತ್ತದೆ. ಒಂದೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಸಣ್ಣ ಜರಡಿಗಳಿವೆ, ಎಲ್ಲವೂ ಕೂದಲಿಗಿಂತ ತೆಳುವಾದ ರಕ್ತನಾಳಗಳಿಂದ ಆದವು. ಶುಗರ್, ಬಿಪಿ ಅವನ್ನು ಸವೆಸುತ್ತಿದ್ದರೆ ಹೃದಯದ, ಮಿದುಳಿನ, ಕಣ್ಣಿನ ನಾಳಗಳನ್ನು ಸುಮ್ನೆ ಬಿಟ್ಟಿರುತ್ತವಾ? ಮೂತ್ರದಲ್ಲಿ ಆಲ್ಬುಮಿನ್ ಸೋರುವುದು ಆ ಸವೆತದ ಮೊದಲ ಸುಳಿವು. 2004ರಲ್ಲಿ ಕ್ಯಾಲಿಫೋರ್ನಿಯಾದ 11 ಲಕ್ಷಕ್ಕೂ ಜಾಸ್ತಿ ಜನರ ದಾಖಲೆ ನೋಡಿದ ಅಧ್ಯಯನ ಬಂತು. ಇ-ಜಿಎಫ್‌ಆರ್ 45ರಿಂದ 59 ಇದ್ದವರಲ್ಲೇ ಹೃದಯಾಘಾತ, ಪಾರ್ಶ್ವವಾಯುವಿನಂಥ ತೊಂದರೆ ಶೇ. 40ರಷ್ಟು ಜಾಸ್ತಿ. ನಾವು 'ಸ್ವಲ್ಪ' ಅನ್ನೋದು ಇದೇ ಗುಂಪಿಗೆ. ಇನ್ನೂ ಇಳಿದರೆ ರಕ್ತಹೀನತೆ, ಮೂಳೆ ಸವೆತ ಎಲ್ಲ ಸೇರಿಕೊಳ್ಳುತ್ತವೆ.

ವಯಸ್ಸಾದರೆ ಕಿಡ್ನಿ ಶಕ್ತಿ ಇಳಿಯೋದು ಸಹಜ, ಎಲ್ಲರನ್ನೂ ರೋಗಿ ಮಾಡಬೇಡ ಅಂತ ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ಇಳಿಯುತ್ತದೆ, ಒಪ್ಪಿದೆ. 85ರ ಅಜ್ಜಿಗೆ 56 ಬಂದು, ಮೂತ್ರದಲ್ಲಿ ಏನೂ ಸೋರದಿದ್ದರೆ ನಾನೂ ತಲೆ ಕೆಡಿಸಿಕೊಳ್ಳಲ್ಲ. ಆದರೆ ಸೋರುತ್ತಿದೆಯಾ ಇಲ್ಲವಾ ಅಂತ ನೋಡಿದರೆ ತಾನೇ ಗೊತ್ತಾಗೋದು? ನೋಡದೆಯೇ ಸಹಜ ಅಂದರೆ ಹೇಗೆ? ಒಂದು ಲೋಟದಷ್ಟೂ ಬೇಡ, ಒಂದಿಷ್ಟು ಮೂತ್ರ ಸಾಕು. ಎಸಿಆರ್ ಅಂತ ಪರೀಕ್ಷೆ, ಮೂತ್ರದಲ್ಲಿ ಕ್ರಿಯಾಟಿನಿನ್ ಜೊತೆ ಹೋಲಿಸಿ ಆಲ್ಬುಮಿನ್ ಎಷ್ಟಿದೆ ಅಂತ ಹೇಳುತ್ತದೆ. 30ರ ಒಳಗಿದ್ದರೆ ಸರಿ, ಮೇಲಿದ್ದರೆ ಇನ್ನೊಮ್ಮೆ ಮಾಡಿಸಿ ಖಚಿತ ಮಾಡಿಕೊಳ್ಳಬೇಕು. ಶುಗರ್ ಇರುವವರಿಗೆ ವರ್ಷಕ್ಕೊಮ್ಮೆ ಇದು ಆಗಲೇಬೇಕು. ಆಂಟಿಗೆ ಹತ್ತು ವರ್ಷದಲ್ಲಿ ಒಮ್ಮೆಯೂ ಆಗಿಲ್ಲ.

ಏನೂ ಮಾಡೋಕಾಗಲ್ಲ ಅನ್ನೋ ಕಾಲವಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಮಾಡೋಕೆ ಬೇಕಾದಷ್ಟಿದೆ. ಆಲ್ಬುಮಿನ್ ಸೋರುತ್ತಿದ್ದರೆ ಟೆಲ್ಮಿಸಾರ್ಟನ್, ರಾಮಿಪ್ರಿಲ್ ಥರದ ಬಿಪಿ ಮಾತ್ರೆಗಳು ಸೋರಿಕೆಯನ್ನೂ ತಗ್ಗಿಸುತ್ತವೆ. ಶುರು ಮಾಡಿದಾಗ ಕ್ರಿಯಾಟಿನಿನ್ ತುಸು ಏರಬಹುದು, ಹೆದರಿ ನೀವಾಗೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ಶುಗರ್‌ಗೆ ಬಂದ ಡಾಪಾಗ್ಲಿಫ್ಲೋಜಿನ್ ಶುಗರ್ ಇಲ್ಲದ ಕಿಡ್ನಿ ರೋಗಿಗಳನ್ನೂ ಕಾಯುತ್ತದೆ ಅಂತ 2020ರಲ್ಲೇ ತೋರಿಸಿದ್ದಾರೆ. ನಮ್ಮಲ್ಲೀಗ ಅದನ್ನು ಹಲವು ಕಂಪನಿಗಳು ಮಾಡುತ್ತವೆ, ಬೆಲೆಯೂ ಇಳಿದಿದೆ. ಇವೆಲ್ಲ ಬೇಗ ಗೊತ್ತಾದವರಿಗೇ ಜಾಸ್ತಿ ಉಪಯೋಗ. ಆ 'ಬೇಗ'ವನ್ನೇ ನಾವು 'ಸ್ವಲ್ಪ ವೀಕ್, ನೋಡೋಣ' ಅಂತ ಕಳೆದುಬಿಡುತ್ತೇವೆ. ಅಪ್ಪನಿಗೆ ಐದು ವರ್ಷ ಇತ್ತು.

ಆಂಟಿ ಎಲ್ಲ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, 'ಮಾವಿನಮಿಡಿ ಉಪ್ಪಿನಕಾಯಿ ಪೂರ್ತಿ ಬಿಡಬೇಕಾ?' ಅಂದರು. ದಿನಕ್ಕೆ ಎಲ್ಲ ಸೇರಿ ಒಂದು ಟೀ ಚಮಚ ಉಪ್ಪು ದಾಟಬಾರದು, ಲೆಕ್ಕ ನೀವೇ ಹಾಕಿ ಅಂದೆ. ಉಳಿದ ನಾಲ್ಕು ಮಾತ್ರೆ ನನ್ನ ಕೈಗೆ ಕೊಟ್ಟರು. ಸೋಮವಾರ ಬೆಳಿಗ್ಗೆ ಅವರನ್ನು ಲ್ಯಾಬಿಗೆ ಕರೆದುಕೊಂಡು ಹೋಗುತ್ತಿದ್ದೇನೆ, ಆಮೇಲೆ ಕಿಡ್ನಿ ಡಾಕ್ಟರ್ ಹತ್ತಿರ. ಅಪ್ಪನ ಫೈಲನ್ನೂ ಬ್ಯಾಗಿಗೆ ಹಾಕಿಕೊಂಡಿದ್ದೇನೆ.