ಇರುವುದನ್ನು ಆಫ್ ಮಾಡದಿದ್ದರೆ ಸಾಕು

ಹೊಸ ಲ್ಯಾಪ್‌ಟಾಪ್ ತಂದವರು ಕೇಳುವ ಮೊದಲ ಪ್ರಶ್ನೆ, "ಯಾವ ಆಂಟಿವೈರಸ್ ಹಾಕಿಸಲಿ?" ಹಲವು ವರ್ಷಗಳಿಂದ ನನ್ನ ಉತ್ತರ ಒಂದೇ: ಹೊಸದಾಗಿ ಯಾವುದನ್ನೂ ಹಾಕಬೇಡಿ, ಒಳಗಿರುವುದನ್ನು ಆಫ್ ಮಾಡಬೇಡಿ. ಮೊದಲ ಅರ್ಧ ಕೇಳಿ ಕೆಲವರಿಗೆ ನಾನು ಉಡಾಫೆ ಮಾಡುತ್ತಿದ್ದೇನೆ ಅನ್ನಿಸುತ್ತದೆ. ದುಡ್ಡು ಕೊಡದೆ ರಕ್ಷಣೆ ಎಲ್ಲಿಂದ ಬರುತ್ತೆ ಅಂತ ಅನುಮಾನ. ಎರಡನೇ ಅರ್ಧವನ್ನು ಯಾರೂ ಕಿವಿಗೇ ಹಾಕಿಕೊಳ್ಳುವುದಿಲ್ಲ, ನಿಜವಾದ ವಿಷಯ ಇರುವುದು ಅಲ್ಲೇ. ಅದಕ್ಕೇ ಇವತ್ತು ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. (ವಿಂಡೋಸ್ ಬಳಸುವವರಿಗೆ ಮಾತ್ರ. ಮ್ಯಾಕ್, ಲಿನಕ್ಸ್‌ನವರು ಜಗಳಕ್ಕೆ ಇನ್ನೊಂದು ದಿನ ಬನ್ನಿ.)

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಈ ಪ್ರಶ್ನೆಗೆ ಅರ್ಥವಿತ್ತು. ಆಗ ವಿಂಡೋಸ್ ಜೊತೆ ಆಂಟಿವೈರಸ್ ಬರುತ್ತಿರಲಿಲ್ಲ. ಪೆನ್‌ಡ್ರೈವ್ ಹಾಕಿದ್ದೇ ತಡ, ಅದರಲ್ಲಿದ್ದದ್ದು ತಾನಾಗಿ ಓಡಿಬಿಡುವ ಸಾಧ್ಯತೆಯಿತ್ತು. ಫೋಲ್ಡರ್‌ಗಳು ಮಾಯವಾಗಿ ಆ ಜಾಗದಲ್ಲಿ ಶಾರ್ಟ್‌ಕಟ್‌ಗಳು ಕೂತಿರುವುದನ್ನು ಆ ಕಾಲದವರೆಲ್ಲ ನೋಡಿರುತ್ತೀರಿ. 2009ರಲ್ಲಿ ಮೈಕ್ರೋಸಾಫ್ಟ್ ಸೆಕ್ಯುರಿಟಿ ಎಸೆನ್ಷಿಯಲ್ಸ್ ಅನ್ನು ಉಚಿತವಾಗಿ ಕೊಟ್ಟಿತು, ಆದರೆ ಅದನ್ನು ನಾವೇ ಡೌನ್‌ಲೋಡ್ ಮಾಡಿಕೊಳ್ಳಬೇಕಿತ್ತು. 2012ರಲ್ಲಿ ಬಂದ ವಿಂಡೋಸ್ 8ರಿಂದ ಡಿಫೆಂಡರ್ ಹೆಸರಿನಲ್ಲಿ ಪೂರ್ತಿ ಆಂಟಿವೈರಸ್ ಒಳಗೇ ಸೇರಿತು. ಶುರುವಿನಲ್ಲಿ ಅದು ಪರೀಕ್ಷೆಗಳಲ್ಲಿ ಹಿಂದೆ ಬೀಳುತ್ತಿದ್ದದ್ದು ಸುಳ್ಳಲ್ಲ. ಈಗ ಹಾಗಿಲ್ಲ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಸಂಸ್ಥೆಗಳ ಪರೀಕ್ಷೆಗಳಲ್ಲಿ ದುಡ್ಡಿನ ಆಂಟಿವೈರಸ್‌ಗಳ ಸಾಲಿನಲ್ಲೇ ನಿಲ್ಲುತ್ತದೆ. "ಡಿಫೆಂಡರ್ ಕೆಲಸಕ್ಕೆ ಬಾರದ್ದು" ಅನ್ನುವವರ ಅಭಿಪ್ರಾಯಕ್ಕೇ ಒಂದು ಅಪ್‌ಡೇಟ್ ಬೇಕಾಗಿದೆ.

ಆದರೆ ಹೊಸ ಲ್ಯಾಪ್‌ಟಾಪ್‌ನಲ್ಲಿ ಬಹಳ ಸಲ ಯಾವುದೋ ಕಂಪನಿಯ ಆಂಟಿವೈರಸ್‌ನ ಟ್ರಯಲ್ ಮೊದಲೇ ಕೂತಿರುತ್ತದೆ. ಅದು ಇರುವಷ್ಟು ದಿನ ಡಿಫೆಂಡರ್ ತಾನಾಗಿ ಪಕ್ಕಕ್ಕೆ ಸರಿದಿರುತ್ತದೆ. ಟ್ರಯಲ್ ಮುಗಿಯುತ್ತಾ ಬಂದಂತೆ 'ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ' ಎಂಬ ಕೆಂಪು ಕಿಟಕಿಗಳು ಶುರು. ದುಡ್ಡು ಕಟ್ಟುವ ಮನಸ್ಸಿಲ್ಲದಿದ್ದರೆ ಅದನ್ನು ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ, ಡಿಫೆಂಡರ್ ಮತ್ತೆ ತನ್ನ ಕೆಲಸಕ್ಕೆ ಬರುತ್ತದೆ. ಸ್ಟಾರ್ಟ್ ಒತ್ತಿ ವಿಂಡೋಸ್ ಸೆಕ್ಯುರಿಟಿ ಅಂತ ಹುಡುಕಿ, 'ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್' ತೆರೆದರೆ ಸದ್ಯ ಯಾವುದು ನಡೆಯುತ್ತಿದೆ ಎಂಬುದು ಕಾಣುತ್ತದೆ. ಒಂದು ಸಾಲದು ಅಂತ ಎರಡೆರಡು ಹಾಕಿಕೊಳ್ಳುವವರೂ ಇದ್ದಾರೆ. ಪ್ರತಿ ಫೈಲ್ ತೆರೆಯುವಾಗಲೂ ಎರಡೂ ಅದರ ಮೇಲೆ ಬಿದ್ದು, ಒಂದರ ಕೆಲಸವನ್ನು ಇನ್ನೊಂದು ಅನುಮಾನಿಸುತ್ತಾ ಕೂರುತ್ತವೆ. ರಕ್ಷಣೆ ಇಮ್ಮಡಿ ಆಗುವುದಿಲ್ಲ, ಕಾಯುವುದು ಮಾತ್ರ ಇಮ್ಮಡಿ ಆಗುತ್ತದೆ.

ಇನ್ನೊಂದು ವಿಷಯವನ್ನು ಮಾರುವವರು ಹೇಳುವುದಿಲ್ಲ. ಆಂಟಿವೈರಸ್‌ಗೆ ನಿಮ್ಮ ಎಲ್ಲಾ ಫೈಲ್‌ಗಳನ್ನೂ ಓದುವ, ಅಳಿಸುವ ಅಧಿಕಾರ ಇರುತ್ತದೆ. ಅಂಥ ಅಧಿಕಾರ ಕೊಟ್ಟ ಸಾಫ್ಟ್‌ವೇರ್ ಎಡವಿದರೆ ದೊಡ್ಡದಾಗಿಯೇ ಎಡವುತ್ತದೆ. 2010ರ ಏಪ್ರಿಲ್‌ನಲ್ಲಿ ಮ್ಯಾಕಫಿ ಆಂಟಿವೈರಸ್‌ನ ಒಂದು ತಪ್ಪು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯದೇ ಮುಖ್ಯ ಫೈಲೊಂದನ್ನು ವೈರಸ್ ಅಂತ ಹಿಡಿದುಹಾಕಿತು. ಜಗತ್ತಿನಾದ್ಯಂತ ಕಂಪ್ಯೂಟರ್‌ಗಳು ರೀಸ್ಟಾರ್ಟ್ ಆಗುತ್ತಲೇ ಉಳಿದವು. ಅವಾಸ್ಟ್ ಎಂಬ ಇನ್ನೊಂದು ಆಂಟಿವೈರಸ್ ಕಂಪನಿಯದು ಬೇರೆಯೇ ಕಥೆ. ಜನ ಯಾವ ಯಾವ ವೆಬ್‌ಸೈಟ್ ನೋಡಿದರು ಎಂಬ ಮಾಹಿತಿಯನ್ನು ಅದು ಜಂಪ್‌ಶಾಟ್ ಎಂಬ ತನ್ನದೇ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದದ್ದು 2020ರಲ್ಲಿ ಬಯಲಾಯಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆಗಿನ ಪ್ರಕರಣದಲ್ಲಿ ಅದು 1.65 ಕೋಟಿ ಡಾಲರ್ ಕಟ್ಟಬೇಕಾಯಿತು. ಇದನ್ನು ಹೇಳಿ ಎಲ್ಲಾ ಕಂಪನಿಗಳೂ ಹಾಗೇ ಅಂತ ಸಾಧಿಸುತ್ತಿಲ್ಲ. ಉಚಿತ ಅಂತ ಕಂಡದ್ದನ್ನೆಲ್ಲ ಹಾಕಿಕೊಳ್ಳುವ ಮೊದಲು ಅದು ಹೊಟ್ಟೆ ಹೊರೆಯುವುದು ಹೇಗೆ ಅಂತ ಯೋಚಿಸಿ, ಅಷ್ಟೇ.

ಈಗ ಎರಡನೇ ಅರ್ಧ.

ಮನೆಯ ಕಂಪ್ಯೂಟರ್‌ಗಳು ಕೆಟ್ಟು ಕೂತಾಗ ಹೋಗಿ ನೋಡಿದರೆ ಬಹಳಷ್ಟು ಸಲ ಆಂಟಿವೈರಸ್ ಸೋತಿರುವುದಿಲ್ಲ, ಅದನ್ನು ಮನೆಯವರೇ ಆಫ್ ಮಾಡಿರುತ್ತಾರೆ. ದುಬಾರಿ ಸಾಫ್ಟ್‌ವೇರನ್ನು ದುಡ್ಡು ಕೊಡದೆ ಓಡಿಸುವ ಕ್ರ್ಯಾಕ್, ಲೈಸೆನ್ಸ್ ಕೊಳ್ಳದೆ ವಿಂಡೋಸನ್ನು ಅಸಲಿಯಂತೆ ತೋರಿಸುವ ಆಕ್ಟಿವೇಟರ್, ಗೇಮ್‌ನಲ್ಲಿ ಮೋಸದಿಂದ ಗೆಲ್ಲಿಸುವ ಚೀಟ್. ಇವುಗಳ ಜೊತೆ ಬರುವ ಸೂಚನೆ ಎಲ್ಲೆಡೆ ಒಂದೇ: 'ಇನ್‌ಸ್ಟಾಲ್ ಮಾಡುವ ಮೊದಲು ಆಂಟಿವೈರಸ್ ಆಫ್ ಮಾಡಿ.' ಕಾವಲುಗಾರನನ್ನು ಮನೆಗೆ ಕಳಿಸಿ ಆಮೇಲೆ ಬಾಗಿಲು ತೆಗೆ ಅಂತ ಹೊರಗೆ ನಿಂತವನೇ ಹೇಳುತ್ತಿದ್ದಾನೆ, ನಾವು ಹಾಗೇ ಮಾಡುತ್ತೇವೆ! ಜಿಪ್ ಫೈಲ್‌ಗೆ ಪಾಸ್‌ವರ್ಡ್ ಹಾಕಿ, ಆ ಪಾಸ್‌ವರ್ಡನ್ನು ಪಕ್ಕದಲ್ಲೇ ಬರೆದಿಟ್ಟಿರುತ್ತಾರೆ. ಗುಟ್ಟು ಕಾಪಾಡಲಿಕ್ಕಲ್ಲ ಅದು. ಪಾಸ್‌ವರ್ಡ್ ಇದ್ದರೆ ದಾರಿಯಲ್ಲಿ ಬ್ರೌಸರ್‌ಗಾಗಲಿ ಸ್ಕ್ಯಾನರ್‌ಗಾಗಲಿ ಒಳಗೇನಿದೆ ಅಂತ ನೋಡಲಾಗುವುದಿಲ್ಲ.

"ಕ್ರ್ಯಾಕ್ ಅಂದರೆ ಆಂಟಿವೈರಸ್ ಹೇಗಿದ್ದರೂ ಕೂಗುತ್ತೆ, ಅದು ಫಾಲ್ಸ್ ಪಾಸಿಟಿವ್ (ಸುಳ್ಳು ಎಚ್ಚರಿಕೆ)" ಎಂಬ ವಾದವನ್ನು ಓದಿಕೊಂಡ ಹುಡುಗರೇ ಮುಂದಿಡುತ್ತಾರೆ. ಪೂರ್ತಿ ಸುಳ್ಳೇನಲ್ಲ. ಕ್ರ್ಯಾಕ್ ಇನ್ನೊಂದು ಪ್ರೋಗ್ರಾಮನ್ನು ತಿದ್ದುವುದರಿಂದ, ಬೇರೇನೂ ಕೇಡಿಲ್ಲದಿದ್ದರೂ ಆಂಟಿವೈರಸ್ ಅದನ್ನು ಹ್ಯಾಕ್‌ಟೂಲ್ ಅಂತ ಹಿಡಿಯುತ್ತದೆ. ನಿಜವಾದ ಕೇಡಿಗರು ಬಚ್ಚಿಟ್ಟುಕೊಳ್ಳುವುದೂ ಇದೇ ನಂಬಿಕೆಯ ಹಿಂದೆ. ನೂರರಲ್ಲಿ ಯಾವುದು ಬರೀ ಕ್ರ್ಯಾಕ್, ಯಾವುದು ಅದರ ಜೊತೆ ಇನ್ನೇನೋ ತಂದಿದೆ ಅಂತ ನಿಮಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ.

ಹಿಂದೆ ವೈರಸ್ ಬಂದರೆ ಗೊತ್ತಾಗುತ್ತಿತ್ತು. ಸಿಸ್ಟಂ ನಿಧಾನ, ಪರದೆಯ ಮೇಲೆ ವಿಚಿತ್ರ ಕಿಟಕಿಗಳು. ಈಗ ಹೆಚ್ಚು ಓಡಾಡುತ್ತಿರುವ ಇನ್ಫೋಸ್ಟೀಲರ್ ಎಂಬ ಜಾತಿಗೆ ಅಂಥ ಆಡಂಬರವಿಲ್ಲ. ಬ್ರೌಸರ್‌ನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್‌ಗಳು, ನೀವು ಲಾಗಿನ್ ಆಗಿರುವುದನ್ನು ನೆನಪಿಡುವ ಕುಕೀಗಳು ಇವನ್ನು ಬಾಚಿಕೊಂಡು ಕಳಿಸಿಬಿಡುತ್ತದೆ, ಎಷ್ಟೋ ಸಲ ಆಮೇಲೆ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಕೆಲವೇ ನಿಮಿಷದ ಕೆಲಸ. ಕುಕೀ ಕೈಗೆ ಸಿಕ್ಕಿದರೆ ಎಷ್ಟೋ ಕಡೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ, ನಿಮ್ಮ ಅಕೌಂಟ್ ನೀವೇ ತೆರೆದಂತೆ ತೆರೆದುಕೊಳ್ಳುತ್ತದೆ. ಕ್ರ್ಯಾಕ್ ಚೆನ್ನಾಗಿ ನಡೆಯುತ್ತಿದೆ, ಕಂಪ್ಯೂಟರ್ ವೇಗವಾಗಿಯೇ ಇದೆ, ಆಂಟಿವೈರಸ್ ಮತ್ತೆ ಆನ್ ಮಾಡಿ ಸ್ಕ್ಯಾನ್ ಮಾಡಿದರೂ ಏನೂ ಸಿಗುವುದಿಲ್ಲ. ಸಿಗುವುದಕ್ಕೆ ಅಲ್ಲಿ ಏನೂ ಉಳಿದಿರುವುದೇ ಇಲ್ಲ.

ಆಫ್ ಮಾಡುವಷ್ಟೇ ಕೆಟ್ಟದ್ದು ಎಕ್ಸ್‌ಕ್ಲೂಷನ್. ಒಂದು ಫೋಲ್ಡರ್ ಕಡೆ ನೋಡಬೇಡ ಅಂತ ಆಂಟಿವೈರಸ್‌ಗೆ ಹೇಳುವ ಸೌಲಭ್ಯ ಅದು. ಯಾರೋ ಯಾವಾಗಲೋ ಡೌನ್‌ಲೋಡ್ಸ್ ಫೋಲ್ಡರನ್ನೇ ಅಲ್ಲಿ ಸೇರಿಸಿ ಮರೆತಿರುತ್ತಾರೆ. ಈ ಬರಹ ಓದಿ ಬೇರೇನೂ ಮಾಡದಿದ್ದರೂ ಆ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ. ಖಾಲಿ ಇರಬೇಕು.

ಅಪ್‌ಡೇಟ್ ಬಗ್ಗೆ ಚುಟುಕಾಗಿ. 2017ರ ಮೇ 12ರಂದು ವಾನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ (ಫೈಲ್‌ಗಳನ್ನು ಲಾಕ್ ಮಾಡಿ, ಬಿಡಿಸಲು ದುಡ್ಡು ಕೇಳುವ ಜಾತಿ) ಹರಡಿ ಬ್ರಿಟನ್ನಿನ ಆಸ್ಪತ್ರೆಗಳವರೆಗೆ ಮುಟ್ಟಿತಲ್ಲ, ಅದು ನುಗ್ಗಿದ ತೂತನ್ನು ಮುಚ್ಚುವ ಪ್ಯಾಚನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು. ಎರಡು ತಿಂಗಳು ಇತ್ತು. ವಿಂಡೋಸ್ 10ರಲ್ಲೇ ಉಳಿದವರಿಗೆ ಇಲ್ಲೊಂದು ಸೂಕ್ಷ್ಮ ಇದೆ. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಆದರೆ ಡಿಫೆಂಡರ್‌ನ ವೈರಸ್ ಪಟ್ಟಿ 2028ರವರೆಗೂ ಬರುತ್ತದೆ ಅಂತ ಮೈಕ್ರೋಸಾಫ್ಟ್ ಹೇಳಿದೆ. ಹಾಗಾಗಿ ಹಸಿರು ಟಿಕ್ ಕಾಣುತ್ತಲೇ ಇರುತ್ತದೆ, ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಯೋಜನೆಗೆ ಸೇರದಿದ್ದರೆ ವಿಂಡೋಸ್‌ನ ತೂತುಗಳು ಮಾತ್ರ ಮುಚ್ಚುವುದಿಲ್ಲ. ಆ ಟಿಕ್ ನೋಡಿ ನೆಮ್ಮದಿಯಾಗಬೇಡಿ.

ಇನ್ನೊಂದು ಹಳೆಯ ಸಿಟ್ಟು. 2000ದ ಮೇ ತಿಂಗಳಲ್ಲಿ ಐ ಲವ್ ಯೂ ಎಂಬ ಮೇಲ್ ಲೋಕವನ್ನೇ ಸುತ್ತಿದಾಗ ಅದರ ಫೈಲ್ ಹೆಸರಿನ ಕೊನೆಯಲ್ಲಿ ಟಿಎಕ್ಸ್‌ಟಿ (ಬರೀ ಬರಹದ ಫೈಲ್), ಅದರ ಬೆನ್ನಿಗೆ ವಿಬಿಎಸ್ (ತೆರೆದರೆ ಓಡುವ ಸ್ಕ್ರಿಪ್ಟ್) ಅಂತ ಇತ್ತು. ವಿಂಡೋಸ್ ಕೊನೆಯ ತುಂಡನ್ನು ಬಚ್ಚಿಡುತ್ತಿದ್ದರಿಂದ ಸ್ಕ್ರಿಪ್ಟ್ ಫೈಲನ್ನು ಜನ ಪ್ರೇಮಪತ್ರ ಅಂತ ತೆರೆದರು. ಇಪ್ಪತ್ತೈದು ವರ್ಷವಾದರೂ ವಿಂಡೋಸ್ ಆ ತುಂಡನ್ನು ಬಚ್ಚಿಟ್ಟೇ ಕೂತಿದೆ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಆನ್ ಮಾಡಿಕೊಳ್ಳಿ. ಇನ್‌ವಾಯ್ಸ್ ಪಿಡಿಎಫ್ ಅಂದುಕೊಂಡದ್ದರ ಬಾಲದಲ್ಲಿ ಇಎಕ್ಸ್‌ಇ (ಅಂದರೆ ಓಡುವ ಪ್ರೋಗ್ರಾಮ್) ಕಂಡರೆ ಯಾವ ಆಂಟಿವೈರಸ್ಸೂ ಬೇಕಿಲ್ಲ, ನೀವೇ ಅಳಿಸುತ್ತೀರಿ. ಹಾಗೆಯೇ, ಬ್ರೌಸರ್‌ನಲ್ಲಿ ಸೈರನ್ ಕೂಗಿಸಿ 'ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ' ಅನ್ನುವ ಪುಟ ಆಂಟಿವೈರಸ್ ಅಲ್ಲ, ಮೋಸ. ಡಿಫೆಂಡರ್ ತನ್ನ ಎಚ್ಚರಿಕೆಯಲ್ಲಿ ಫೋನ್ ನಂಬರ್ ಕೊಡುವುದಿಲ್ಲ. ಪುಟ ಮುಚ್ಚದಿದ್ದರೆ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರನ್ನೇ ಮುಚ್ಚಿ.

ಹಾಗಾದರೆ ದುಡ್ಡಿನ ಆಂಟಿವೈರಸ್ ಯಾರಿಗೂ ಬೇಡವೇ? ಡಿಫೆಂಡರ್ ಕ್ಲೌಡನ್ನು (ನೆಟ್ ಮೂಲಕ ಸಿಗುವ ಮೈಕ್ರೋಸಾಫ್ಟ್ ಸರ್ವರ್‌ಗಳನ್ನು) ಹೆಚ್ಚು ನೆಚ್ಚಿಕೊಂಡಿದೆ, ನೆಟ್ ಇಲ್ಲದಾಗ ಅದರ ಹಿಡಿತ ಸ್ವಲ್ಪ ಸಡಿಲ. ಇಡೀ ದಿನ ಊರವರ ಪೆನ್‌ಡ್ರೈವ್ ಹಾಕಿಸಿಕೊಳ್ಳುವ, ನೆಟ್ ಅಪರೂಪವಾಗಿರುವ ಕಂಪ್ಯೂಟರ್ ಇದ್ದರೆ ಒಳ್ಳೆಯದೊಂದನ್ನು ಕೊಳ್ಳಿ, ನನ್ನ ತಕರಾರಿಲ್ಲ. ಉಳಿದವರು ಆ ದುಡ್ಡಿಗೆ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ತಗೊಳ್ಳಿ. ಬ್ಯಾಕಪ್ ಆದ ಮೇಲೆ ಅದನ್ನು ಕಿತ್ತಿಡಿ. ಸಿಕ್ಕಿಸಿಯೇ ಬಿಟ್ಟರೆ ರ‍್ಯಾನ್ಸಮ್‌ವೇರ್ ಅದನ್ನೂ ಲಾಕ್ ಮಾಡುತ್ತದೆ.

ಈಗಾಗಲೇ ಏನನ್ನೋ ಓಡಿಸಿಬಿಟ್ಟಿದ್ದೀರಿ ಅಂತ ಅನುಮಾನ ಇದ್ದರೆ ಮೊದಲು ನೆಟ್ ಕಡಿದುಹಾಕಿ. ಇನ್ನೊಂದು ಕಂಪ್ಯೂಟರ್‌ನಿಂದ ಅಥವಾ ಫೋನಿನಿಂದ ಪಾಸ್‌ವರ್ಡ್‌ಗಳನ್ನು ಬದಲಿಸಿ, ಮೇಲ್‌ನಿಂದಲೇ ಶುರು ಮಾಡಿ, ಎಲ್ಲಾ ಡಿವೈಸ್‌ಗಳಿಂದಲೂ ಸೈನ್ ಔಟ್ ಮಾಡುವ ಬಟನ್ ಒತ್ತಿ. ಕದ್ದ ಕುಕೀ ಸಾಯುವುದು ಹಾಗೆಯೇ. ಆಮೇಲೆ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಓಡಿಸಬಹುದು, ವಿಂಡೋಸ್ ಏಳುವ ಮೊದಲೇ ಅದು ಹುಡುಕುತ್ತದೆ. ನಾನಾದರೆ ಅಷ್ಟಕ್ಕೆ ಬಿಡದೆ ಫಾರ್ಮ್ಯಾಟ್ ಮಾಡುತ್ತೇನೆ. ಫೋಟೋ, ಡಾಕ್ಯುಮೆಂಟ್‌ಗಳನ್ನು ವಾಪಸ್ ಹಾಕಿಕೊಳ್ಳಿ. ಸಾಫ್ಟ್‌ವೇರ್‌ಗಳ ಹಳೆಯ ಸೆಟಪ್ ಫೈಲ್‌ಗಳ ಫೋಲ್ಡರ್ ಒಂದಿರುತ್ತದಲ್ಲ, ಅದನ್ನು ಮಾತ್ರ ವಾಪಸ್ ತರಬೇಡಿ.